ಲಾಕ್ ಆಗಿರುವ ಐ5-6400: ಬಿಸಿಎಲ್‌ಕೆ (ಬೇಸ್ ಕ್ಲಾಕ್) 103 ದಾಟಿಸಿದರೆ ಬೂಟ್ ಆಗುತ್ತಿಲ್ಲ, ದಾರಿ ಇದೆಯಾ?

ದಾವಣಗೆರೆ_ಎಡಿಟರ್

ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣದ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ತಂದಿದ್ದೇನೆ. ಇಂಟೆಲ್ ಐ5-6400, ಝಡ್170 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್, ಜಿಟಿಎಕ್ಸ್ 1060 ಕಾರ್ಡ್, 550 ವ್ಯಾಟ್ ಎಸ್‌ಎಂಪಿಎಸ್, ಟವರ್ ಕೂಲರ್.

ಬೋರ್ಡಿನ ಬಾಕ್ಸ್ ಮೇಲೆ ಓವರ್‌ಕ್ಲಾಕಿಂಗ್ (ಚಿಪ್ಪನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು) ಅಂತ ದೊಡ್ಡದಾಗಿ ಬರೆದಿದೆ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸಾಫ್ಟ್‌ವೇರ್) ಮಲ್ಟಿಪ್ಲೈಯರ್ 40 ಅಂತ ಹಾಕಿ ಸೇವ್ ಮಾಡಿದರೆ ಮತ್ತೆ 33 ತೋರಿಸುತ್ತದೆ. ವಿಂಡೋಸ್ ಒಳಗೆ ನಾಲ್ಕೂ ಕೋರ್‌ಗೆ ಲೋಡ್ ಕೊಟ್ಟರೆ 3.1 ಗಿಗಾಹರ್ಟ್ಸ್ ಅಷ್ಟೇ. ಬಿಸಿಎಲ್‌ಕೆ 102ಕ್ಕೆ ಸರಿಯಾಗಿ ಓಡುತ್ತದೆ. 103 ದಾಟಿಸಿದರೆ ಪವರ್ ಆನ್ ಆಗಿ, ಆಫ್ ಆಗಿ, ಮತ್ತೆ ಆನ್ ಆಗುತ್ತಾ ಕೂರುತ್ತದೆ. ವೋಲ್ಟೇಜ್ 1.30 ಕೊಟ್ಟು ನೋಡಿದರೂ ಅದೇ ಕಥೆ. ಯೂಟ್ಯೂಬ್‌ನಲ್ಲಿ ಇದೇ ಚಿಪ್ಪನ್ನು 4.4 ಗಿಗಾಹರ್ಟ್ಸ್‌ಗೆ ಓಡಿಸಿರುವ ವಿಡಿಯೋಗಳಿವೆ. ನನ್ನದರಲ್ಲಿ ಯಾಕೆ ಆಗುತ್ತಿಲ್ಲ?

ಗೇಮರ್_ಗುಬ್ಬಿ

ಬ್ರೋ, 6400 ಲಾಕ್ ಆಗಿರೋ ಚಿಪ್. ಹೆಸರಿನ ಕೊನೆಯಲ್ಲಿ ಕೆ ಇಲ್ಲದಿದ್ದರೆ ಓವರ್‌ಕ್ಲಾಕ್ ಇಲ್ಲ. 6600ಕೆ ತಗೊಳ್ಳಿ, ಮುಗೀತು.

ಹಳೇ_ಚಿಪ್

ಗುಬ್ಬಿ, ಅಷ್ಟು ಬೇಗ ಬಾಗಿಲು ಹಾಕಬೇಡಪ್ಪ. ಲಾಕ್ ಆಗಿರುವುದು ಮಲ್ಟಿಪ್ಲೈಯರ್. ಕ್ಲಾಕ್ ಸ್ಪೀಡ್ ಅಂದರೆ ಬೇಸ್ ಕ್ಲಾಕ್ ಗುಣಿಸು ಮಲ್ಟಿಪ್ಲೈಯರ್. ಒಂದು ಕೈಗೆ ಸಿಗದಿದ್ದರೆ ಇನ್ನೊಂದನ್ನು ಏರಿಸುವುದು ಹಳೆಯ ದಾರಿ. 1998ರ ಸೆಲೆರಾನ್ 300ಎ ಕೂಡ ಮಲ್ಟಿಪ್ಲೈಯರ್ ಲಾಕ್ ಆಗಿದ್ದ ಚಿಪ್ಪೇ. 66 ಮೆಗಾಹರ್ಟ್ಸ್ ಬಸ್ಸನ್ನು 100ಕ್ಕೆ ಏರಿಸಿ, 4.5ರಿಂದ ಗುಣಿಸಿ, 300 ಇದ್ದದ್ದನ್ನು 450 ಮಾಡಿಕೊಂಡ ಜನ ಎಷ್ಟೋ. ಕೋರ್ 2 ಕ್ವಾಡ್ ಕ್ಯೂ6600 ಇಟ್ಟುಕೊಂಡವರು ಬಸ್ಸನ್ನು 266ರಿಂದ 333ಕ್ಕೆ ತಂದು 2.4ರ ಚಿಪ್ಪನ್ನು 3.0ಕ್ಕೆ ಓಡಿಸುತ್ತಿದ್ದರು.

2011ರಲ್ಲಿ ಸ್ಯಾಂಡಿ ಬ್ರಿಡ್ಜ್ ಬಂದ ಮೇಲೆ ಆ ದಾರಿ ಕಿರಿದಾಯಿತು. ಆಗಿನಿಂದ ಒಂದೇ ಬೇಸ್ ಕ್ಲಾಕಿನ ಮೇಲೆ ಪಿಸಿಐ ಎಕ್ಸ್‌ಪ್ರೆಸ್, ಸಾಟಾ, ಡಿಎಂಐ (ಸಿಪಿಯು ಮತ್ತು ಚಿಪ್‌ಸೆಟ್ ನಡುವಿನ ಕೊಂಡಿ) ಎಲ್ಲವೂ ನಡೆಯುತ್ತಿದ್ದವು. ಡೊಳ್ಳು ಕುಣಿತದಲ್ಲಿ ತಾಳ ಏರಿಸಿದರೆ ಇಡೀ ತಂಡ ಹೆಜ್ಜೆ ಏರಿಸಬೇಕಲ್ಲ, ಹಾಗೆ. ಕೋರ್‌ಗೆ ಸುಸ್ತಾಗುವ ಮೊದಲೇ ಹಾರ್ಡ್ ಡಿಸ್ಕ್ ಕಾಣೆಯಾಗುತ್ತಿತ್ತು. 103ರಿಂದ 105 ಬಂದರೆ ದೊಡ್ಡದು.

ಆದರೆ ಪ್ರಶ್ನೆ ಕೇಳಿದವರ ಚಿಪ್ ಸ್ಕೈಲೇಕ್, 2015ರದ್ದು. ಅದರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಮತ್ತು ಡಿಎಂಐ ಕ್ಲಾಕನ್ನು ಬೇರೆ ಮಾಡಿದ್ದಾರೆ. ಅಂದರೆ ಕೋರಿನ ಕ್ಲಾಕನ್ನು ಮಾತ್ರ ಏರಿಸಲು ಹಾರ್ಡ್‌ವೇರ್ ಅಡ್ಡ ಬರುವುದಿಲ್ಲ. ಅಡ್ಡ ಬರುತ್ತಿರುವುದು ಬೇರೆ ಏನೋ. ಬಯಾಸ್ ಆವೃತ್ತಿಯ ತಾರೀಕು ಏನಿದೆ, ಹೇಳಿ.

ದಾವಣಗೆರೆ_ಎಡಿಟರ್

ಬಯಾಸ್ ತಾರೀಕು 2018 ಅಂತ ಇದೆ ಸರ್. ಹಿಂದಿನವರು ಅಪ್‌ಡೇಟ್ ಮಾಡಿರಬೇಕು.

ತುಂಗಾತೀರ

ಅಲ್ಲೇ ಉತ್ತರ ಇದೆ. 2015ರ ಡಿಸೆಂಬರ್ ಹೊತ್ತಿಗೆ ಸೂಪರ್‌ಮೈಕ್ರೋ, ಎಎಸ್‌ರಾಕ್ ಮುಂತಾದ ಬೋರ್ಡ್ ತಯಾರಕರು ಕೆ ಇಲ್ಲದ ಸ್ಕೈಲೇಕ್ ಚಿಪ್‌ಗಳಿಗೂ ಬೇಸ್ ಕ್ಲಾಕ್ ತೆರೆಯುವ ಬಯಾಸ್ ತಂದರು. ಎಎಸ್‌ರಾಕ್ ಅದಕ್ಕೆ ಸ್ಕೈ ಓಸಿ ಅಂತ ಹೆಸರಿಟ್ಟಿತ್ತು. ಉಳಿದ ದೊಡ್ಡ ಕಂಪನಿಗಳ ಝಡ್170 ಬೋರ್ಡ್‌ಗಳಿಗೂ ಅಂಥ ಬೀಟಾ ಬಯಾಸ್ ಬಂದವು. ಐ3-6100 ಇಟ್ಟುಕೊಂಡವರಿಗೆ ಹಬ್ಬ. 37ರ ಮಲ್ಟಿಪ್ಲೈಯರ್, ಬೇಸ್ ಕ್ಲಾಕ್ 120 ಕೊಟ್ಟರೆ ಸುಮಾರು 4.4 ಗಿಗಾಹರ್ಟ್ಸ್.

2016ರ ಫೆಬ್ರವರಿಯಲ್ಲಿ ಇಂಟೆಲ್ ಹೊಸ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ನಿಯಂತ್ರಣ ಕೋಡ್) ಕೊಟ್ಟು ಈ ದಾರಿ ಮುಚ್ಚಿತು. ಆ ಮೈಕ್ರೋಕೋಡ್ ಇರುವ ಯಾವ ಬಯಾಸ್‌ನಲ್ಲೂ ಬೇಸ್ ಕ್ಲಾಕ್ 103ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮಗೆ ಕಾಣುತ್ತಿರುವುದು ಸರಿಯಾಗಿ ಇದೇ. ವೋಲ್ಟೇಜ್ ಏರಿಸಿ ಏನೂ ಆಗುವುದಿಲ್ಲ, ಸುಮ್ನೆ ಚಿಪ್ ಬಿಸಿಯಾಗುತ್ತದೆ. ಅದನ್ನು ಮೊದಲು ಆಟೋಗೆ ಹಾಕಿಬಿಡಿ.

ಇಂಟೆಲ್ ಮಾಡಿದ್ದು ನನಗೆ ಇವತ್ತಿಗೂ ಇಷ್ಟವಿಲ್ಲ. ದುಡ್ಡು ಕೊಟ್ಟು ಕೊಂಡ ಚಿಪ್, ಕೆಟ್ಟರೆ ನಷ್ಟ ನಮ್ಮದು. ವಾರಂಟಿ ಕೊಡುವುದಿಲ್ಲ ಎಂದರೆ ಸಾಕಿತ್ತು.

ಬೆಸುಗೆ_ಕಡ್ಡಿ

ಮದರ್‌ಬೋರ್ಡ್ ರಿಪೇರಿ ನನ್ನ ವೃತ್ತಿ. ಹಳೇ ಬಯಾಸ್‌ಗೆ ಹೋಗುವ ಮೊದಲು ಕೆಲವು ಮಾತು, ದಯವಿಟ್ಟು ಪೂರ್ತಿ ಓದಿ.

ಮೊದಲು ಈ ಬೂಟ್ ಲೂಪ್ ಬಿಡಿಸಿಕೊಳ್ಳುವುದು. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಹೊರಹಾಕಿ, ಬೋರ್ಡಿನ ಗುಂಡು ಸೆಲ್ ತೆಗೆದು ಐದು ನಿಮಿಷ ಬಿಡಿ. ಕ್ಲಿಯರ್ ಸೀಮಾಸ್ ಜಂಪರ್ ಇದ್ದರೆ ಅದನ್ನೂ ಶಾರ್ಟ್ ಮಾಡಿ. ಆ ಸೆಲ್ ಸಿಆರ್2032. ಹಳೇ ಬೋರ್ಡ್ ಆದ್ದರಿಂದ ಹೇಗೂ ಹೊಸದು ಹಾಕಿ. ಸೆಲ್ ವೀಕ್ ಆಗಿದ್ದರೆ ಸೆಟ್ಟಿಂಗ್ ಉಳಿಯುವುದಿಲ್ಲ, ನೀವು ಓವರ್‌ಕ್ಲಾಕ್ ಕೆಟ್ಟಿತು ಅಂದುಕೊಳ್ಳುತ್ತೀರಿ.

ಎರಡನೆಯದು, ಬಯಾಸ್ ಹಿಂದಕ್ಕೆ ಹಾಕುವುದು. ಕೆಲವು ಬೋರ್ಡ್‌ಗಳು ಹಳೇ ಆವೃತ್ತಿಯನ್ನು ಒಪ್ಪುವುದೇ ಇಲ್ಲ. ಒಪ್ಪದಿದ್ದರೆ ಬಯಾಸ್ ಚಿಪ್‌ಗೆ ನೇರವಾಗಿ ಬರೆಯುವ ಪ್ರೋಗ್ರಾಮರ್ ಸಾಧನ ಮತ್ತು ಕ್ಲಿಪ್ ಬೇಕು. ಮಾರ್ಕೆಟ್‌ನಲ್ಲಿ ಸಿಗುವ ಕಪ್ಪು ಸಿಎಚ್341ಎ ಪ್ರೋಗ್ರಾಮರ್‌ಗಳಲ್ಲಿ ಹಲವು ಡೇಟಾ ಪಿನ್‌ಗೆ 5 ವೋಲ್ಟ್ ಬಿಡುತ್ತವೆ. ಈ ಬೋರ್ಡ್‌ಗಳ ಬಯಾಸ್ ಚಿಪ್ ಸಾಮಾನ್ಯವಾಗಿ 3.3 ವೋಲ್ಟಿನದು. ಮಲ್ಟಿಮೀಟರ್ ಇಟ್ಟು ನೋಡದೆ ಕ್ಲಿಪ್ ಹಾಕಬೇಡಿ. ಬರೆಯುವ ಮೊದಲು ಈಗಿರುವುದನ್ನು ಎರಡು ಸಲ ಓದಿಸಿ, ಎರಡೂ ಫೈಲ್ ಒಂದೇ ಆಗಿವೆಯೇ ಹೋಲಿಸಿ ನೋಡಿ. ಹೋಲಿಕೆ ತಪ್ಪಿದರೆ ಕ್ಲಿಪ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆ ಬ್ಯಾಕಪ್ ಫೈಲನ್ನು ಬೇರೆ ಕಡೆ ಇಡಿ. ಹಲವು ಬೋರ್ಡ್‌ಗಳಲ್ಲಿ ಲ್ಯಾನ್ ಪೋರ್ಟಿನ ಮ್ಯಾಕ್ ವಿಳಾಸ, ಸೀರಿಯಲ್ ನಂಬರ್ ಎಲ್ಲ ಅದೇ ಚಿಪ್ಪಿನಲ್ಲಿರುತ್ತದೆ.

ಮತ್ತೆ, ಯುಪಿಎಸ್ ಇಲ್ಲದೆ ಬಯಾಸ್ ಮುಟ್ಟಲೇಬೇಡಿ. ಮಳೆಗಾಲದಲ್ಲಿ ಬಯಾಸ್ ಬರೆಯುವಾಗ ಕರೆಂಟ್ ಹೋಗಿ ಸತ್ತ ಬೋರ್ಡ್‌ಗಳು ನನ್ನ ಟೇಬಲ್‌ಗೆ ಪ್ರತಿ ವರ್ಷ ಬರುತ್ತವೆ.

ದಾವಣಗೆರೆ_ಎಡಿಟರ್

ತುಂಬಾ ಥ್ಯಾಂಕ್ಸ್ ಸರ್. ಸೆಲ್ ತೆಗೆದು ಹಾಕಿದೆ, ಬೂಟ್ ಆಯಿತು. 2016ರ ಜನವರಿಯ ಬೀಟಾ ಬಯಾಸ್ ಸಿಕ್ಕಿದೆ. ಬೋರ್ಡಿನ ಹಿಂದೆ ಯುಎಸ್‌ಬಿಯಿಂದ ನೇರವಾಗಿ ಬಯಾಸ್ ಬರೆಯುವ ಬಟನ್ ಇದೆ. ಅದರಲ್ಲಿ ಆಗಬಹುದಾ?

ಬೆಸುಗೆ_ಕಡ್ಡಿ

ಆ ಬಟನ್ ಇದ್ದರೆ ಕ್ಲಿಪ್ ಗೋಜು ಬೇಡ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡಿ, ಫೈಲಿಗೆ ಮ್ಯಾನುಯಲ್‌ನಲ್ಲಿ ಹೇಳಿದ ಹೆಸರೇ ಇಡಿ. ಲೈಟ್ ಮಿನುಗುವುದು ನಿಲ್ಲುವವರೆಗೆ ಮುಟ್ಟಬೇಡಿ.

ಫೈಲ್ ಎಲ್ಲಿಂದ ತಂದಿರಿ? ಗೊತ್ತಿಲ್ಲದವರು ಹಂಚಿದ ಡ್ರೈವ್ ಲಿಂಕ್ ಆದರೆ ಹಾಕಬೇಡಿ. ಬಯಾಸ್ ಒಳಗೆ ಏನಾದರೂ ಸೇರಿಸಿದ್ದರೆ ವಿಂಡೋಸ್ ಮತ್ತೆ ಹಾಕಿದರೂ ಹೋಗುವುದಿಲ್ಲ.

ದಾವಣಗೆರೆ_ಎಡಿಟರ್

ಕಂಪನಿಯ ಡೌನ್‌ಲೋಡ್ ಪುಟದಿಂದಲೇ ಸರ್.

ತುಂಗಾತೀರ

ಹಾಗಾದರೆ ಸೆಟ್ಟಿಂಗ್ ಬರೆಯುತ್ತೇನೆ. ಲೆಕ್ಕ ಮೊದಲು. ಈ ಬಯಾಸ್‌ನಲ್ಲಿ ಓವರ್‌ಕ್ಲಾಕ್ ಮಾಡಿದಾಗ ಟರ್ಬೊ ಕೆಲಸ ಮಾಡುವುದಿಲ್ಲ. ನಿಮಗೆ ಸಿಗುವುದು ಬೇಸ್ ಮಲ್ಟಿಪ್ಲೈಯರ್ 27 ಮಾತ್ರ. 4.4ಕ್ಕೆ ಹೋಗಬೇಕಾದರೆ ಬಿಸಿಎಲ್‌ಕೆ 163 ಬೇಕು. ಒಂದೇ ಏಟಿಗೆ ಅಲ್ಲಿಗೆ ಹಾರಬೇಡಿ. 130, 140, 150 ಹೀಗೆ ಹೋಗಿ.

ಬಿಸಿಎಲ್‌ಕೆ ಏರಿದರೆ ರ‍್ಯಾಮ್ ಕೂಡ ಜೊತೆಗೆ ಏರುತ್ತದೆ, ಇದನ್ನು ಮರೆತವರೇ ಜಾಸ್ತಿ. 2133ರ ಅನುಪಾತ ಹಾಗೇ ಬಿಟ್ಟು 150 ಕೊಟ್ಟರೆ ರ‍್ಯಾಮ್ 3200ಕ್ಕೆ ಓಡಬೇಕಾಗುತ್ತದೆ. ಬೂಟ್ ಆಗದಿದ್ದರೆ ಸಿಪಿಯು ಮೇಲೆ ಅನುಮಾನ ಬರುತ್ತದೆ, ಕಾರಣ ರ‍್ಯಾಮ್ ಆಗಿರುತ್ತದೆ. 1600ರ ಅನುಪಾತ ಹಾಕಿಕೊಳ್ಳಿ, 150ಕ್ಕೆ 2400 ಆಗುತ್ತದೆ. ಸಿಪಿಯು ಗಟ್ಟಿಯಾಗಿ ನಿಂತ ಮೇಲೆ ರ‍್ಯಾಮ್ ಏರಿಸಿ. ರಿಂಗ್ ಅಥವಾ ಕ್ಯಾಶ್ ಅನುಪಾತ ಅಂತ ಇರುವುದನ್ನೂ ಸ್ವಲ್ಪ ಕೆಳಗಿಡಿ.

ವಿಕೋರ್ (ಕೋರ್ ವೋಲ್ಟೇಜ್) 1.25ರಿಂದ ಶುರು ಮಾಡಿ. ಟವರ್ ಕೂಲರ್‌ನಲ್ಲಿ 1.35ಕ್ಕಿಂತ ಮೇಲೆ ದಿನನಿತ್ಯ ಓಡಿಸುವುದು ನನ್ನ ಮಟ್ಟಿಗೆ ಬೇಡ.

ಇನ್ನೊಂದು ವಿಷಯ ಗಮನಿಸಿ. ಸಿ-ಸ್ಟೇಟ್‌ಗಳು ಆಫ್ ಆಗುತ್ತವೆ, ಅಂದರೆ ಕೆಲಸ ಇಲ್ಲದಾಗಲೂ ಚಿಪ್ ಪೂರ್ತಿ ಸ್ಪೀಡಿನಲ್ಲೇ ಇರುತ್ತದೆ. ಒಳಗಿನ ಗ್ರಾಫಿಕ್ಸ್ ಆಫ್ ಆಗುತ್ತದೆ. ಕೋರ್ ಟೆಂಪರೇಚರ್ ಓದುವುದೂ ಕೆಡುತ್ತದೆ.

ಬಿಸಿಲೂರು

ಆ ಕೊನೆಯ ಮಾತು ದಪ್ಪ ಅಕ್ಷರದಲ್ಲಿ ಬರೆಯಬೇಕು ಮೇಡಂ. ನಾನು ಕಲಬುರಗಿಯವನು. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 42 ಡಿಗ್ರಿ, ರೂಮಿನಲ್ಲಿ ಫ್ಯಾನ್ ಕೆಳಗೆ 36. ಇಲ್ಲಿ ಕೋರ್ ಸೆನ್ಸರ್ ಇಲ್ಲದೆ ಓವರ್‌ಕ್ಲಾಕ್ ಮಾಡುವುದು ಅಂದರೆ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಸಾಫ್ಟ್‌ವೇರ್‌ನಲ್ಲಿ ನಾಲ್ಕೂ ಕೋರ್ 100 ಡಿಗ್ರಿ ಅಂತ ಅಲ್ಲಾಡದೆ ನಿಂತಿರುತ್ತದೆ, ಅದನ್ನು ನಂಬುವ ಹಾಗಿಲ್ಲ. ಮದರ್‌ಬೋರ್ಡಿನ ಸ್ವಂತ ಸಿಪಿಯು ಸೆನ್ಸರ್ ಒಂದು ಬೇರೆ ಇರುತ್ತದೆ, ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ನಲ್ಲಿ ಬೋರ್ಡಿನ ಹೆಸರಿನ ಕೆಳಗೆ ಹುಡುಕಿ. ಅದು ಕೋರ್‌ಗಿಂತ ಕಡಿಮೆಯನ್ನೇ ತೋರಿಸುತ್ತದೆ. ಹಾಗಾಗಿ ಅದರಲ್ಲಿ 70 ಕಂಡರೆ ನಿಲ್ಲಿಸಿ. ವಿಆರ್‌ಎಂ (ಸಿಪಿಯುಗೆ ಹೋಗುವ ವಿದ್ಯುತ್ ಹದ ಮಾಡುವ ಭಾಗ) ಮೇಲಿನ ಹೀಟ್‌ಸಿಂಕ್ ಗಟ್ಟಿಯಾಗಿ ಕೂತಿದೆಯಾ ಅಂತಲೂ ನೋಡಿ.

ಗೇಮರ್_ಗುಬ್ಬಿ

ಇದರ ನಡುವೆ ನನ್ನದೊಂದು ಪ್ರಶ್ನೆ. ನನ್ನದು ಐ5-10400, ಬಿ460 ಬೋರ್ಡ್. ರೆಂಡರ್ ಶುರುವಾದಾಗ 4.0 ಇರುತ್ತದೆ. ಅರ್ಧ ನಿಮಿಷಕ್ಕೆ ಕೆಳಗೆ ಬೀಳುತ್ತದೆ. ಟೆಂಪರೇಚರ್ ಬರೀ 60. ಬೇಸ್ ಕ್ಲಾಕ್ ಏರಿಸಿದರೆ ಸರಿ ಹೋಗುತ್ತಾ?

ತುಂಗಾತೀರ

ಗುಬ್ಬಿ, ನಿನಗೆ ಓವರ್‌ಕ್ಲಾಕ್ ಬೇಡ, ಪವರ್ ಲಿಮಿಟ್ ಸಡಿಲ ಮಾಡಿದರೆ ಸಾಕು. ಆ ಚಿಪ್‌ಗೆ ಇಂಟೆಲ್ ಇಟ್ಟಿರುವ ಪಿಎಲ್2 (ಅಲ್ಪಾವಧಿಯ ಪವರ್ ಲಿಮಿಟ್) 134 ವ್ಯಾಟ್, ಅದು 28 ಸೆಕೆಂಡಿಗೆ. ಆಮೇಲೆ ದೀರ್ಘಾವಧಿಯ ಪಿಎಲ್1, ಅಂದರೆ 65 ವ್ಯಾಟ್‌ಗೆ ಇಳಿಯುತ್ತದೆ. ನಿನ್ನ ಅರ್ಧ ನಿಮಿಷ ಅಲ್ಲಿಂದಲೇ ಬಂದದ್ದು. ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನ ಲಿಮಿಟ್ಸ್ ಕಿಟಕಿ ತೆರೆದು ರೆಂಡರ್ ಹಾಕು. ಪಿಎಲ್1 ಕೆಂಪಾದರೆ ಖಚಿತ. ಬಯಾಸ್‌ನಲ್ಲಿ ಲಾಂಗ್ ಡ್ಯುರೇಶನ್ ಪವರ್ ಲಿಮಿಟ್ ಅಂತ ಹುಡುಕು. ಎಎಸ್‌ರಾಕ್‌ನಲ್ಲಿ ಬೇಸ್ ಫ್ರೀಕ್ವೆನ್ಸಿ ಬೂಸ್ಟ್, ಏಸಸ್‌ನಲ್ಲಿ ಪರ್ಫಾರ್ಮೆನ್ಸ್ ಎನ್‌ಹಾನ್ಸ್‌ಮೆಂಟ್ ಅಂತ ಇರುತ್ತದೆ. ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇಲ್ಲದ ಬೋರ್ಡ್ ಆದರೆ 95 ವ್ಯಾಟ್ ಆಸುಪಾಸಿನಲ್ಲಿ ನಿಲ್ಲಿಸು.

ಗೇಮರ್_ಗುಬ್ಬಿ

ಪಿಎಲ್1 ಕೆಂಪಾಯ್ತು! 90ಕ್ಕೆ ಏರಿಸಿದೆ, ಈಗ ರೆಂಡರ್ ಮುಗಿಯೋವರೆಗೂ 4.0 ನಿಂತಿದೆ. ಥ್ಯಾಂಕ್ಸ್ ಅಕ್ಕಾ.

ಕರಾವಳಿ_ಕೋಡರ್

ಹೊಸ ಚಿಪ್‌ಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಹುಡುಕಿಕೊಂಡು ಬರುವವರಿಗೆ ಉಪಯೋಗಕ್ಕೆ. 2022ರ ಜನವರಿಯಲ್ಲಿ ಜರ್ಮನಿಯ ಓವರ್‌ಕ್ಲಾಕರ್ ಡೆರ್‌ಬಾವರ್ 12ನೇ ತಲೆಮಾರಿನ ಐ5-12400ನ್ನು ಬೇಸ್ ಕ್ಲಾಕ್ ಮೂಲಕ 5.2 ಗಿಗಾಹರ್ಟ್ಸ್‌ಗೆ ಒಯ್ದು ತೋರಿಸಿದರು. ಅದು ಏಸಸ್‌ನ ದುಬಾರಿ ಝಡ್690 ಬೋರ್ಡ್‌ನಲ್ಲಿ. ಬೋರ್ಡಿನ ಮೇಲೆ ಬೇಸ್ ಕ್ಲಾಕಿಗೆಂದೇ ಬೇರೆ ಕ್ಲಾಕ್ ಜನರೇಟರ್ ಇರಬೇಕು, ಅದೇ ಮುಖ್ಯ. ಎಲ್ಲಾ ಬಿ660 ಬೋರ್ಡಿನಲ್ಲೂ ಆಗುತ್ತದೆ ಅಂತ ನಂಬಿ ಕೊಳ್ಳಬೇಡಿ. ಏಸಸ್ ಸ್ಟ್ರಿಕ್ಸ್ ಬಿ660-ಎಫ್, ಎಂಎಸ್‌ಐ ಬಿ660ಎಂ ಮಾರ್ಟರ್ ಮ್ಯಾಕ್ಸ್ ತರದ ಕೆಲವೇ ಬೋರ್ಡ್‌ಗಳಲ್ಲಿ ಅದಿತ್ತು.

ಎಎಂಡಿಯವರಿಗೆ ಈ ತಾಪತ್ರಯ ಕಡಿಮೆ. ರೈಜೆನ್ ಚಿಪ್‌ಗಳಲ್ಲಿ ಹೆಚ್ಚಿನವು ತೆರೆದೇ ಇರುತ್ತವೆ. ಆದರೆ ಎ320, ಎ520 ಚಿಪ್‌ಸೆಟ್‌ನಲ್ಲಿ ಓವರ್‌ಕ್ಲಾಕ್ ಇಲ್ಲ, 5800ಎಕ್ಸ್3ಡಿ ಚಿಪ್‌ನಲ್ಲಿ ಮಲ್ಟಿಪ್ಲೈಯರ್ ಲಾಕ್.

ದಾವಣಗೆರೆ_ಎಡಿಟರ್

ಆಯಿತು! ಬಯಾಸ್ ಕೂತಿತು. ಬಿಸಿಎಲ್‌ಕೆ 160, ವಿಕೋರ್ 1.32, ರ‍್ಯಾಮ್ 2560. 4.32 ಗಿಗಾಹರ್ಟ್ಸ್. ಸಿನೆಬೆಂಚ್ ಆರ್15ರಲ್ಲಿ 500ರ ಆಸುಪಾಸು ಇದ್ದದ್ದು 700ರ ಹತ್ತಿರ ಬಂದಿದೆ. ಬೋರ್ಡ್ ಸೆನ್ಸರ್ 66 ಡಿಗ್ರಿ.

ಆದರೆ ಒಂದು ಅರ್ಥವಾಗುತ್ತಿಲ್ಲ. ಮದುವೆ ಫೈಲನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಎಕ್ಸ್265 ಹಾಕಿ ಎನ್‌ಕೋಡ್ ಮಾಡಿದರೆ ಮೊದಲಿಗಿಂತ ನಿಧಾನ ಆಗಿದೆ. ಸ್ವಲ್ಪ ಅಲ್ಲ, ತುಂಬಾನೇ. ಟೈಮ್‌ಲೈನ್ ಎಳೆದಾಡಿದರೂ ತಡವರಿಸುತ್ತದೆ. ಕ್ಲಾಕ್ 4.32 ಅಂತಲೇ ತೋರಿಸುತ್ತಿದೆ. ಸೆಟ್ಟಿಂಗ್‌ನಲ್ಲಿ ಏನು ಬಿಟ್ಟೆ?

ಹಳೇ_ಚಿಪ್

ಯಾವ ಸೆಟ್ಟಿಂಗ್ ಹಾಕಿದರೂ ಇದು ಹೀಗೇ. ಸ್ಕೈಲೇಕ್‌ನ ಲಾಕ್ ಚಿಪ್‌ಗಳಲ್ಲಿ ಬೇಸ್ ಕ್ಲಾಕ್ ಏರಿಸಿದಾಗ ಎವಿಎಕ್ಸ್ (ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ) ಸೂಚನೆಗಳ ವೇಗ ಪಾತಾಳಕ್ಕೆ ಇಳಿಯುತ್ತದೆ. ಆ ಬಯಾಸ್‌ಗಳು ಬಂದಾಗಲೇ ಪರೀಕ್ಷೆ ಮಾಡಿದವರು ಇದನ್ನು ಕಂಡಿದ್ದರು. ಸಿನೆಬೆಂಚ್ ಆರ್15 ಎವಿಎಕ್ಸ್ ಮೇಲೆ ನಿಂತಿಲ್ಲ, ಹಾಗಾಗಿ ಅಂಕ ಏರಿತು. ಎಕ್ಸ್265 ಎನ್‌ಕೋಡರ್ ಎವಿಎಕ್ಸ್2 ಮೇಲೆ ನಿಂತಿದೆ, ಹಾಗಾಗಿ ಅದು ಬಿದ್ದಿತು. ನೀವು ನೋಡಿದ ಯೂಟ್ಯೂಬ್ ವಿಡಿಯೋಗಳಲ್ಲಿ ಏನನ್ನು ಅಳೆದಿದ್ದಾರೆ ಅಂತ ಮತ್ತೊಮ್ಮೆ ನೋಡಿ. ಆಟಗಳು ಮತ್ತು ಆರ್15, ಇಷ್ಟೇ ಇರಬೇಕು.

ನಿಮ್ಮ ಕೆಲಸ ಗೊತ್ತಿದ್ದ ಮೇಲೆ ಈ ಮಾತನ್ನು ಇಲ್ಲಿ ಮೊದಲೇ ಎತ್ತಬೇಕಿತ್ತು, ಯಾರೂ ಎತ್ತಲಿಲ್ಲ. ಆಟಕ್ಕೆ ಮಾತ್ರ ಆದರೆ ಈ ಓವರ್‌ಕ್ಲಾಕ್‌ಗೆ ಅರ್ಥ ಇದೆ. ಅದರಲ್ಲೂ ಎವಿಎಕ್ಸ್ ಬಳಸುವ ಆಟಗಳಿವೆ.

ತುಂಗಾತೀರ

ಟೈಮ್‌ಲೈನ್ ತಡವರಿಸುವುದಕ್ಕೆ ಇನ್ನೊಂದು ಕಾರಣ ಇರಬಹುದು. ಒಳಗಿನ ಗ್ರಾಫಿಕ್ಸ್ ಹೋಯಿತು ಅಂದರೆ ಕ್ವಿಕ್ ಸಿಂಕ್ (ವಿಡಿಯೋ ಬಿಚ್ಚುವ, ಎನ್‌ಕೋಡ್ ಮಾಡುವ ಇಂಟೆಲ್ ಹಾರ್ಡ್‌ವೇರ್) ಕೂಡ ಹೋಯಿತು. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಕ್ಯಾಮೆರಾದ ಎಚ್.264 ಫೈಲ್ ಬಿಚ್ಚಲು ಅದನ್ನೇ ಬಳಸುತ್ತಿತ್ತಾ, ನೋಡಿ. ಮೊದಲು ಸಿಪಿಯು ಮುಟ್ಟದೆ ನಡೆಯುತ್ತಿದ್ದ ಕೆಲಸ ಈಗ ಕೋರ್‌ಗಳ ತಲೆಗೆ ಬಂದಿದೆ.

ಇನ್ನೂ ಒಂದಿದೆ. 2016ರ ಜನವರಿ ಬಯಾಸ್ ಅಂದರೆ 2018ರಲ್ಲಿ ಹೊರಬಂದ ಸ್ಪೆಕ್ಟರ್ ಎಂಬ ಭದ್ರತಾ ದೋಷಕ್ಕೆ ಬೇಕಾದ ಮೈಕ್ರೋಕೋಡ್ ಅದರಲ್ಲಿ ಇಲ್ಲ. ಈ ಸಿಸ್ಟಮ್‌ನಲ್ಲಿ ಬ್ಯಾಂಕಿಂಗ್ ಮಾಡುತ್ತೀರಾ? ಗಿರಾಕಿಗಳ ಮನೆಯ ವಿಡಿಯೋ, ಫೋಟೋ ಇದೆಯಲ್ಲ. ಹೊಸ ಬಯಾಸ್‌ಗೆ ವಾಪಸ್ ಬನ್ನಿ ಅಂತಲೇ ನನ್ನ ಮಾತು.

ಬಿಸಿಲೂರು

ನಾನೂ ಅದನ್ನೇ ಹೇಳುತ್ತೇನೆ. ಆದರೆ ಝಡ್170 ಬೋರ್ಡ್ ಇರುವಾಗ ಬೇರೆ ಸಂಪತ್ತು ಇದೆ ನಿಮ್ಮ ಹತ್ತಿರ. ಸಿಪಿಯು ಲಾಕ್ ಆಗಿದ್ದರೂ ಝಡ್170ರಲ್ಲಿ ರ‍್ಯಾಮ್ ಲಾಕ್ ಇಲ್ಲ. ಎಚ್110, ಬಿ150 ಬೋರ್ಡ್‌ನವರಿಗೆ ಈ ಚಿಪ್‌ನಲ್ಲಿ 2133ರ ಮೇಲೆ ಇಲ್ಲ. ನಿಮ್ಮ ಸ್ಟಿಕ್ ಮೇಲೆ ಎಷ್ಟು ಅಂತ ಬರೆದಿದೆ? ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ಚಾನೆಲ್ ಏನು ತೋರಿಸುತ್ತದೆ?

ದಾವಣಗೆರೆ_ಎಡಿಟರ್

ಸ್ಟಿಕ್ ಮೇಲೆ 3000 ಅಂತ ಇದೆ. ಚಾನೆಲ್ ಸಿಂಗಲ್ ಅಂತ ತೋರಿಸುತ್ತಿದೆ. ಎರಡು ಸ್ಟಿಕ್ ಇದ್ದರೂ ಯಾಕೆ ಸಿಂಗಲ್?

ಬಿಸಿಲೂರು

ಜೋಡಿಸಿದವರು ಎರಡನ್ನೂ ಒಂದೇ ಚಾನೆಲ್‌ನ ಸ್ಲಾಟ್‌ಗಳಿಗೆ ಹಾಕಿದ್ದಾರೆ. ನಾಲ್ಕು ಸ್ಲಾಟ್ ಇದ್ದರೆ ಸಿಪಿಯು ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಮ್ಯಾನುಯಲ್‌ನಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ವೇಗಕ್ಕೆ ರ‍್ಯಾಮ್ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ರ‍್ಯಾಮ್‌ನ ಅರ್ಧ ದಾರಿ ಮುಚ್ಚಿಟ್ಟುಕೊಂಡು ಇಷ್ಟು ದಿನ ಕೆಲಸ ಮಾಡಿದ್ದೀರಿ.

ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ ನೋಡದೆ ಗಿರಾಕಿಯ ಫೈಲ್ ಮುಟ್ಟಬೇಡಿ. ರ‍್ಯಾಮ್ ತಪ್ಪು ಮಾಡಿದರೆ ಸಿಸ್ಟಮ್ ಹ್ಯಾಂಗ್ ಆಗಬೇಕೆಂದಿಲ್ಲ, ಸದ್ದಿಲ್ಲದೆ ಫೈಲ್ ಕೆಡಬಹುದು.

ದಾವಣಗೆರೆ_ಎಡಿಟರ್

ಹೊಸ ಬಯಾಸ್ ಹಾಕಿದೆ. ಬಿಸಿಎಲ್‌ಕೆ 100, ವೋಲ್ಟೇಜ್ ಆಟೋ. ಸ್ಟಿಕ್ ಜಾಗ ಬದಲಿಸಿದೆ, ಎಕ್ಸ್‌ಎಂಪಿ 3000, ಡ್ಯುಯಲ್ ಅಂತ ತೋರಿಸುತ್ತಿದೆ. ಮೆಮ್‌ಟೆಸ್ಟ್ ತಪ್ಪಿಲ್ಲದೆ ಮುಗಿಯಿತು. ಬಯಾಸ್‌ನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಆನ್ ಮಾಡಿದ ಮೇಲೆ ಗ್ರಾಫಿಕ್ಸ್ ಕಾರ್ಡ್ ಜೊತೆಗೆ ಕ್ವಿಕ್ ಸಿಂಕ್ ಕೂಡ ಬಂತು. ಟೈಮ್‌ಲೈನ್ ಈಗ ಸಲೀಸು. ತಂದ ದಿನಕ್ಕಿಂತ ಸಿಸ್ಟಮ್ ಚುರುಕಾಗಿದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಎಕ್ಸ್265 ಎನ್‌ಕೋಡ್ ಮಾತ್ರ ಇನ್ನೂ ಬೇಗ ಆಗಬೇಕು. ಮದುವೆ ಸೀಸನ್ ಹತ್ತಿರ ಬಂತು. ಇದೇ ಬೋರ್ಡ್ ಇಟ್ಟುಕೊಂಡು ಏನಾದರೂ ಮಾಡಬಹುದಾ?

ಹಳೇ_ಚಿಪ್

ಮಾಡಬಹುದು. ಹೊಸ ಬಯಾಸ್ ಇರುವುದರಿಂದ 7ನೇ ತಲೆಮಾರಿನ ಚಿಪ್ ಕೂಡ ಕೂರುತ್ತದೆ. ಸೆಕೆಂಡ್ ಹ್ಯಾಂಡ್ ಐ7-7700 ಹುಡುಕಿ. ಅದೂ ಲಾಕ್ ಆಗಿರುವುದೇ, ಆದರೆ ನಾಲ್ಕು ಕೋರ್‌ಗೂ 4.0 ಗಿಗಾಹರ್ಟ್ಸ್ ಟರ್ಬೊ ತಾನಾಗಿಯೇ ಕೊಡುತ್ತದೆ, ಎಂಟು ಥ್ರೆಡ್ ಇದೆ, ಎವಿಎಕ್ಸ್ ಪೂರ್ತಿ ಇರುತ್ತದೆ, ಕ್ವಿಕ್ ಸಿಂಕ್‌ನಲ್ಲಿ 10 ಬಿಟ್ ಎಚ್‌ಇವಿಸಿಯೂ (ಎಚ್.265) ಬರುತ್ತದೆ. ಈಗಿನ ಕ್ಯಾಮೆರಾಗಳ ಫೈಲ್‌ಗೆ ಅದು ಬೇಕಾಗುತ್ತದೆ. ಓವರ್‌ಕ್ಲಾಕ್ ಆಸೆ ಬಿಡಲಾಗದಿದ್ದರೆ 6700ಕೆ ಅಥವಾ 7700ಕೆ. 8ನೇ ತಲೆಮಾರಿನದು ನೋಡಲು ಅದೇ ಸಾಕೆಟ್, ಆದರೆ ಈ ಬೋರ್ಡಿನಲ್ಲಿ ಓಡುವುದಿಲ್ಲ. ಅಂಗಡಿಯವರು ಹೇಳಿದರೂ ಒಪ್ಪಬೇಡಿ.

ಬೆಸುಗೆ_ಕಡ್ಡಿ

ಕೊಳ್ಳುವಾಗ ಚಿಪ್ಪಿನ ಮೇಲಿನ ಲೋಹದ ಮುಚ್ಚಳ ಚೆನ್ನಾಗಿ ಓದಿ. ಇಂಟೆಲ್ ಕಾನ್ಫಿಡೆನ್ಶಿಯಲ್ ಅಂತ ಕೆತ್ತಿದ್ದರೆ ಅದು ಪರೀಕ್ಷೆಗೆ ಮಾಡಿದ ಎಂಜಿನಿಯರಿಂಗ್ ಸ್ಯಾಂಪಲ್, ಬೇಡ. ಸಾಧ್ಯವಾದರೆ ಅಂಗಡಿಯಲ್ಲೇ ಬೋರ್ಡಿಗೆ ಹಾಕಿಸಿ, ಸಿಪಿಯು-ಝಡ್‌ನಲ್ಲಿ ಹೆಸರು, ಎಂಟು ಥ್ರೆಡ್, ರ‍್ಯಾಮ್ ಡ್ಯುಯಲ್ ಚಾನೆಲ್ ಮೂರನ್ನೂ ನೋಡಿ. ಚಿಪ್ ಕೆಳಗಿನ ಪ್ಯಾಡ್ ಸವೆದಿದ್ದರೆ ಅಥವಾ ಸಾಕೆಟ್ ಪಿನ್ ಬಾಗಿದ್ದರೆ ಮೊದಲು ಕಾಣೆಯಾಗುವುದು ಒಂದು ರ‍್ಯಾಮ್ ಚಾನೆಲ್ಲೇ. ಈಗಿರುವ 6400 ಬಿಚ್ಚುವಾಗ ಕೂಲರನ್ನು ನೇರ ಎಳೆಯಬೇಡಿ. ಸಿಸ್ಟಮ್ ಹತ್ತು ನಿಮಿಷ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ತಿರುಗಿಸಿ ಎತ್ತಿ.